ಕಬಿನಿ, ಬಂಡೀಪುರದಲ್ಲಿ ಹುಲಿ ಫೋಟೋ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೈಸೂರಿನವನು. ಹೊಟ್ಟೆಪಾಡಿಗೆ ಬೇರೆ ಕೆಲಸ ಇದೆ, ಫೋಟೋ ತೆಗೆಯುವುದು ರಜೆಯ ಹುಚ್ಚು. ಹನ್ನೆರಡು ವರ್ಷದಿಂದ ಕಬಿನಿ, ಬಂಡೀಪುರ ಸುತ್ತುತ್ತಿದ್ದೇನೆ ಅಂತ ಗೊತ್ತಾದ ಮೇಲೆ ಮದುವೆ ಮನೆಯ ಪಂಕ್ತಿಯಲ್ಲೂ ಜನ ಹುಲಿ ವಿಷಯ ಕೇಳುತ್ತಾರೆ. ಅವೇ ಪ್ರಶ್ನೆ, ಅವೇ ಉತ್ತರ. ಹೇಳಿ ಹೇಳಿ ಸಾಕಾಗಿ ಒಂದು ಕಡೆ ಬರೆದಿಟ್ಟಿದ್ದೇನೆ. ಕ್ಯಾಮೆರಾ ಬಗ್ಗೆ ಕಡಿಮೆ, ಕಾಡಿನ ಬಗ್ಗೆ ಜಾಸ್ತಿ ಇದೆ ಅನಿಸಿದರೆ ಅದು ಬೇಕೆಂದೇ ಮಾಡಿದ್ದು.

ಹೋದರೆ ಹುಲಿ ಸಿಕ್ಕೇ ಸಿಗುತ್ತದಾ?

ಇಲ್ಲ. ಸಿಕ್ಕೇ ಸಿಗುತ್ತದೆ ಅಂತ ಯಾರಾದರೂ ಮಾತು ಕೊಟ್ಟರೆ ಅವರ ಹತ್ತಿರ ಮುಂಗಡ ಕೊಡಬೇಡಿ.

ಲೆಕ್ಕ ನೋಡಿ. 2022ರ ಗಣತಿಯ ಪ್ರಕಾರ ಕರ್ನಾಟಕದಲ್ಲಿ 563 ಹುಲಿಗಳಿದ್ದವು. ನಮಗಿಂತ ಮುಂದೆ ಇದ್ದದ್ದು 785 ಹುಲಿಗಳ ಮಧ್ಯಪ್ರದೇಶ ಮಾತ್ರ. ಬಂಡೀಪುರದ ಒಳಗೆ 150, ಕಬಿನಿ ಸೇರಿರುವ ನಾಗರಹೊಳೆಯಲ್ಲಿ 141. ಕೇಳಲು ದೊಡ್ಡ ಸಂಖ್ಯೆ. ಆದರೆ ನಾಗರಹೊಳೆ ರಾಷ್ಟ್ರೀಯ ಉದ್ಯಾನವೇ 640 ಚದರ ಕಿಲೋಮೀಟರ್ ದಾಟುತ್ತದೆ. ಅದರಲ್ಲಿ ಪ್ರವಾಸಿಗರನ್ನು ಬಿಡುವುದು ಸಣ್ಣ ಭಾಗಕ್ಕೆ ಮಾತ್ರ. ಕೋರ್ ಪ್ರದೇಶದ, ಅಂದರೆ ಹುಲಿಗೇ ಮೀಸಲಾದ ಒಳಕಾಡಿನ, ಶೇ. 20ಕ್ಕಿಂತ ಜಾಸ್ತಿ ಜಾಗವನ್ನು ಪ್ರವಾಸೋದ್ಯಮಕ್ಕೆ ಕೊಡಬಾರದು ಅಂತ 2012ರ ಕೇಂದ್ರದ ಮಾರ್ಗಸೂಚಿಯೇ ಹೇಳುತ್ತದೆ. ನೀವು ಆ ಭಾಗದ ರಸ್ತೆಯ ಮೇಲೆ, ಮೂರು ಗಂಟೆ, ಒಂದು ಜೀಪಿನಲ್ಲಿ ಇರುತ್ತೀರಿ. ಹುಲಿ ತನ್ನ ಪಾಡಿಗೆ ತಾನು ಎಲ್ಲೋ ಲಂಟಾನ ಕಳೆಯ ಪೊದೆಯ ನೆರಳಲ್ಲಿ ನಿದ್ದೆ ಹೊಡೆಯುತ್ತಿರುತ್ತದೆ.

ನನ್ನ ಡೈರಿಯ ಲೆಕ್ಕ ಹೇಳುತ್ತೇನೆ. ಹತ್ತು ಸಫಾರಿಗೆ ಮೂರು ಸಲ ಹುಲಿ ಕಂಡರೆ ಒಳ್ಳೆ ವರ್ಷ. ಆ ಮೂರರಲ್ಲಿ ಫೋಟೋ ಅನ್ನಬಹುದಾದದ್ದು ಒಂದು. ಮೊದಲ ಹುಲಿ ಕಂಡದ್ದು ಏಳನೇ ಸಫಾರಿಯಲ್ಲಿ. ಆವತ್ತು ತೆಗೆದ ನಲವತ್ತು ಫ್ರೇಮಿನಲ್ಲಿ ಫೋಕಸ್ ಆಗಿದ್ದು ಹುಲಿಯ ಮುಂದಿದ್ದ ಹುಲ್ಲಿಗೆ.

ಯಾವ ಕಾಡಿಗೆ ಹೋಗಲಿ?

ಮೊದಲ ಸಲವಾದರೆ ಕಬಿನಿ. ನಾಗರಹೊಳೆಯ ದಕ್ಷಿಣ ಭಾಗ, ಎಚ್.ಡಿ. ಕೋಟೆ ತಾಲ್ಲೂಕು. ಇಲ್ಲಿ ಕಾಡು, ಹಿನ್ನೀರು, ಬಯಲು ಮೂರೂ ಒಟ್ಟಿಗಿವೆ. ಹುಲಿ ಸಿಗದಿದ್ದರೂ ಆನೆ, ಕಾಟಿ, ಸೀಳುನಾಯಿ, ಚಿರತೆ, ಏನಾದರೊಂದು ಸಿಗುತ್ತದೆ. ಕರಿಚಿರತೆಗಾಗಿಯೇ ವಾರಗಟ್ಟಲೆ ಠಿಕಾಣಿ ಹೂಡುವವರೂ ಇದ್ದಾರೆ.

ಬಂಡೀಪುರ ಹಳೆಯ ಹುಲಿ ಕಾಡು. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಆರಿಸಿದ ಮೊದಲ ಒಂಬತ್ತು ಕಾಡುಗಳಲ್ಲಿ ಇದೂ ಒಂದು. ಒಣ ಕಾಡು, ಕೆರೆಗಳು ಜಾಸ್ತಿ, ಬೆಳಕು ಚೆನ್ನಾಗಿ ಬೀಳುತ್ತದೆ. ಆದರೆ ಲಂಟಾನ ವಿಪರೀತ. ಹುಲಿ ರಸ್ತೆ ದಾಟಿ ಎರಡು ಹೆಜ್ಜೆ ಇಟ್ಟರೆ ಮುಗೀತು, ಮಾಯ.

ನಾಗರಹೊಳೆಗೇ ಕೊಡಗಿನ ಕುಟ್ಟ ಕಡೆಯಿಂದ ಹೋಗುವ ನಾಣಚ್ಚಿ ಗೇಟು ಕಬಿನಿಯಷ್ಟು ಗಿಜಿಗುಡುವುದಿಲ್ಲ. ಅಲ್ಲಿನ ಹಾಡ್ಲುಗಳು, ಅಂದರೆ ಮರಗಳ ನಡುವಿನ ಜೌಗು ಹುಲ್ಲುಗಾವಲು, ನನಗೆ ಬಹಳ ಇಷ್ಟ. ಬಿಳಿಗಿರಿರಂಗನ ಬೆಟ್ಟ, ಭದ್ರಾ, ಕಾಳಿ ಇವೂ ಹುಲಿ ಮೀಸಲು ಪ್ರದೇಶಗಳೇ. ಆದರೆ ಹುಲಿ ಫೋಟೋ ಒಂದೇ ಗುರಿ ಆಗಿದ್ದರೆ ಅಲ್ಲಿ ತುಂಬ ತಾಳ್ಮೆ ಬೇಕು. ಕಾಳಿಯಂಥ ದಟ್ಟ ಮಳೆಕಾಡಿನಲ್ಲಿ ಹತ್ತಡಿ ದೂರದ ಹುಲಿಯೂ ಕಾಣಿಸಲಿಕ್ಕಿಲ್ಲ.

ಹುಲಿ ಮಾತ್ರ ಬೇಕು, ಬೇರೇನೂ ಬೇಡ ಅನ್ನುವವರಿಗೆ ಹೊರರಾಜ್ಯಗಳ ತಡೋಬಾ, ಬಾಂಧವಗಢ, ರಣಥಂಬೋರ್ ಇವೆ. ಅಲ್ಲಿ ಬಯಲು ಜಾಸ್ತಿ, ಹುಲಿಗಳಿಗೆ ಜೀಪು ಚೆನ್ನಾಗಿ ಅಭ್ಯಾಸ. ಸ್ವಾಭಿಮಾನ ಬದಿಗಿಟ್ಟು ಹೇಳುತ್ತೇನೆ, ಬೇಸಿಗೆಯಲ್ಲಿ ಅಲ್ಲಿ ಸಿಗುವ ಅವಕಾಶ ನಮ್ಮಲ್ಲಿ ಸಿಗುವುದಿಲ್ಲ.

ಯಾವ ತಿಂಗಳು ಒಳ್ಳೆಯದು?

ಎಲ್ಲರೂ ಮಾರ್ಚ್‌ನಿಂದ ಮೇ ಅನ್ನುತ್ತಾರೆ. ಅದು ನಿಜವೇ. ಎಲೆ ಉದುರಿ ಕಾಡು ಬೋಳಾಗಿರುತ್ತದೆ, ನೀರು ನಾಲ್ಕೇ ಕಡೆ ಉಳಿದಿರುತ್ತದೆ. ಬೆಕ್ಕಿನ ಜಾತಿಯಾದರೂ ಹುಲಿಗೆ ನೀರೆಂದರೆ ಬೇಸರವಿಲ್ಲ. ಸೆಕೆಗೆ ಕೆರೆಯಲ್ಲಿ ಹಿಂದುಮುಂದಾಗಿ ಇಳಿದು ಕುತ್ತಿಗೆವರೆಗೆ ಕೂತುಬಿಡುತ್ತದೆ. ಮುಖಕ್ಕೆ ನೀರು ತಾಗುವುದು ಇಷ್ಟವಿಲ್ಲವೋ ಏನೋ.

ಕಬಿನಿಯಲ್ಲಿ ಇನ್ನೊಂದು ವಿಶೇಷ ಇದೆ. 1974ರಲ್ಲಿ ಅಣೆಕಟ್ಟು ಮುಗಿದು ಕಣಿವೆ ಮುಳುಗಿತು. ಬೇಸಿಗೆಯಲ್ಲಿ ನೀರು ಇಳಿದಾಗ ಆ ನೆಲ ಮತ್ತೆ ತೇಲಿ ಬಂದು ಹಸಿ ಹುಲ್ಲು ಚಿಗುರುತ್ತದೆ. ಆನೆಗಳು ನೂರರ ಲೆಕ್ಕದಲ್ಲಿ ಬರುತ್ತವೆ, ಜಿಂಕೆಗಳು ಬರುತ್ತವೆ, ಅವುಗಳ ಹಿಂದೆ ಹುಲಿಯೂ ಬರುತ್ತದೆ. ಮುಳುಗಿ ಸತ್ತ ಮರದ ಬೊಡ್ಡೆಗಳ ನಡುವೆ ಹುಲಿ ನಡೆದು ಬರುವ ಫೋಟೋ ನೋಡಿದ್ದೀರಲ್ಲ, ಅದು ಇಲ್ಲಿನದು.

ಆದರೆ ಬೇಸಿಗೆಯ ಫೋಟೋಗಳೆಲ್ಲ ಕಂದು, ಧೂಳು, ಚಿತ್ರದಲ್ಲಿ ಹಸಿರೇ ಇಲ್ಲ. ನನ್ನ ಆಯ್ಕೆ ಬೇರೆ. ಮೊದಲ ಮಳೆ ಬಿದ್ದು ಹತ್ತು ಹದಿನೈದು ದಿನ ಆದ ಮೇಲೆ ಹೋಗಿ. ನೆಲದಲ್ಲಿ ಎಳೆ ಹುಲ್ಲು, ಧೂಳೆಲ್ಲ ತೊಳೆದು ಹೋಗಿರುತ್ತದೆ, ಕಿತ್ತಳೆ ಬಣ್ಣ ಹಸಿರಿನ ಮೇಲೆ ಎದ್ದು ಕಾಣುತ್ತದೆ. ಮಧ್ಯ ಭಾರತದ ಕಾಡುಗಳ ಕೋರ್ ಭಾಗ ಜುಲೈಯಿಂದ ಸೆಪ್ಟೆಂಬರ್‌ವರೆಗೆ ಮುಚ್ಚಿರುತ್ತದೆ. ನಮ್ಮಲ್ಲಿ ಮಳೆಗಾಲದಲ್ಲೂ ಸಾಮಾನ್ಯವಾಗಿ ಸಫಾರಿ ಇರುತ್ತದೆ. ಹುಲಿ ಕಾಣುವ ಸಾಧ್ಯತೆ ಕಡಿಮೆ, ಕಂಡರೆ ಚಿತ್ರ ಬೇರೆಯೇ ಮಟ್ಟದ್ದು. ಡಿಸೆಂಬರ್, ಜನವರಿಯಲ್ಲಿ ಮಂಜು ಸಿಗುತ್ತದೆ, ಬೆಳಕು ತಡವಾಗಿ ಬರುತ್ತದೆ.

ಬುಕ್ ಮಾಡುವುದು ಹೇಗೆ?

ಎರಡು ದಾರಿ. ಒಂದು, ಅರಣ್ಯ ಇಲಾಖೆಯ ಸಫಾರಿ. ಕಬಿನಿ ಕಡೆ ದಮ್ಮನಕಟ್ಟೆ, ಬಂಡೀಪುರಕ್ಕೆ ಮೇಲುಕಾಮನಹಳ್ಳಿ. ಇನ್ನೊಂದು, ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಅಥವಾ ಅದರ ಜೀಪಿನಲ್ಲಿ ಜಾಗ ಕೊಡಿಸುವ ರೆಸಾರ್ಟುಗಳು. ಖಾಸಗಿ ಕಾರಿನಲ್ಲಿ ಒಳಗೆ ಹೋಗಲು ಆಗುವುದಿಲ್ಲ, ಕೇಳಲೂ ಬೇಡಿ. ದೊಡ್ಡ ಲೆನ್ಸಿಗೆ ಬೇರೆ ಶುಲ್ಕ ಇರುತ್ತದೆ, ಲೆನ್ಸ್ ಉದ್ದವಾದಷ್ಟೂ ಜಾಸ್ತಿ. ಆಗಾಗ ಬದಲಾಗುವುದರಿಂದ ಇಲ್ಲಿ ಬರೆದಿಲ್ಲ. ಗುರುತಿನ ಚೀಟಿ ಮರೆಯಬೇಡಿ.

ಹೊರಡುವ ಮೊದಲು ಸಫಾರಿ ನಡೆಯುತ್ತಿದೆಯಾ ಅಂತಲೂ ವಿಚಾರಿಸಿ. 2025ರ ನವೆಂಬರ್‌ನಲ್ಲಿ ಕಾಡಂಚಿನ ಹಳ್ಳಿಗಳ ರೈತರು ಹುಲಿ ದಾಳಿಗೆ ಬಲಿಯಾದ ಮೇಲೆ ಸರ್ಕಾರ ಬಂಡೀಪುರ, ನಾಗರಹೊಳೆ ಎರಡರಲ್ಲೂ ಸಫಾರಿ ನಿಲ್ಲಿಸಿತು. ಸಫಾರಿಯ ಸಿಬ್ಬಂದಿ, ಗಾಡಿಗಳನ್ನು ಹುಲಿ ಹುಡುಕುವ ಕೆಲಸಕ್ಕೆ ಹಾಕಿತು. ಆಗ ರೂಮಿನ ದುಡ್ಡು ಹೋಯ್ತು ಅಂತ ಗೊಣಗಿದವರಲ್ಲಿ ನಾನೂ ಒಬ್ಬ. ಸತ್ತವರ ಊರಿನ ಫೋಟೋಗಳನ್ನು ಪೇಪರಿನಲ್ಲಿ ನೋಡಿದ ಮೇಲೆ ಸುಮ್ಮನಾದೆ.

ಜೀಪಾ, ಬಸ್ಸಾ, ದೋಣಿಯಾ?

ಫೋಟೋಗೆ ಜೀಪು. ಬಸ್ಸಿನ ಕಿಟಕಿ ಎತ್ತರ ಜಾಸ್ತಿ, ಜಾಲರಿ ಬೇರೆ. ಹುಲಿಯ ಬೆನ್ನು ಮಾತ್ರ ಚೆನ್ನಾಗಿ ಬರುತ್ತದೆ. ಕಬಿನಿಯ ದೋಣಿ ಆನೆಗೂ ಹಕ್ಕಿಗೂ ಬಹಳ ಚಂದ. ದಡಕ್ಕೆ ನೀರು ಕುಡಿಯಲು ಬಂದ ಹುಲಿ ದೋಣಿಯಿಂದ ಕಂಡರೆ ನೀವು ಅದೃಷ್ಟವಂತರು, ಯಾಕೆಂದರೆ ಕಣ್ಣಿನ ಮಟ್ಟದಲ್ಲಿ ಸಿಗುವ ಜಾಗ ಅದೊಂದೇ. ಜೀಪಿನಲ್ಲಿ ಸಾಧ್ಯವಾದರೆ ಕೊನೆಯ ಸಾಲು ಬೇಡ, ಎಲ್ಲ ಕುಲುಕಾಟ ಅಲ್ಲೇ.

ಯಾವ ಲೆನ್ಸ್ ತಗೊಳ್ಳಲಿ? 600 ಎಂಎಂ ಇಲ್ಲದಿದ್ದರೆ ಆಗಲ್ವಾ?

ಆಗುತ್ತದೆ. ಎಂಎಂ ಸಂಖ್ಯೆ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ, ಅಷ್ಟೆ. ನಮ್ಮ ಕಾಡಿನಲ್ಲಿ ಹುಲಿ ಸಿಗುವುದು ಎರಡು ಥರ. ಒಂದು, ರಸ್ತೆಯ ಮೇಲೆ ನೇರ ನಿಮ್ಮ ಕಡೆಗೆ ನಡೆದು ಬರುವುದು. ಫೋಟೋದವರು ಇದಕ್ಕೆ ಹೆಡ್‌ಆನ್ ಅನ್ನುತ್ತಾರೆ, ಇದಕ್ಕಾಗಿಯೇ ಪ್ರಾಣ ಬಿಡುತ್ತಾರೆ. ಆಗ 600 ಎಂಎಂ ಲೆನ್ಸಿನಲ್ಲಿ ಕಿವಿಯೊಂದು, ಮೀಸೆಯೊಂದು ಬರುತ್ತದೆ ಅಷ್ಟೆ. ಇನ್ನೊಂದು, ಹಿನ್ನೀರಿನ ಆಚೆ ದಡದಲ್ಲಿ ಚುಕ್ಕೆ ಥರ ಕಾಣುವುದು. ಆಗ 600 ಕೂಡ ಸಾಲದು, ಬಿಸಿಲೇರಿದರೆ ನೆಲದ ಕಾವಿಗೆ ಚಿತ್ರವೆಲ್ಲ ನೀರಿನಂತೆ ನಡುಗುತ್ತದೆ.

ಆದ್ದರಿಂದ ಜೂಮ್ ಲೆನ್ಸೇ ವಾಸಿ. 100-400, 150-600, 200-600 ಯಾವುದಾದರೂ ಸರಿ. ಮೊದಲ ಸಲ ಹೋಗುವವರು ಲಕ್ಷಗಟ್ಟಲೆ ಸುರಿಯಬೇಡಿ. ಬೆಂಗಳೂರು, ಮೈಸೂರಿನಲ್ಲಿ ಲೆನ್ಸ್ ಬಾಡಿಗೆಗೆ ಸಿಗುತ್ತದೆ. ಎರಡು ದಿನ ಮೊದಲೇ ತಂದು ಬೀದಿ ನಾಯಿ, ಹದ್ದು, ಮಕ್ಕಳ ಸೈಕಲ್ಲು, ಕಂಡದ್ದನ್ನೆಲ್ಲ ತೆಗೆಯಿರಿ. ಬಟನ್ ಎಲ್ಲಿದೆ ಅಂತ ಕೈಗೆ ಗೊತ್ತಿರಬೇಕು, ಕಣ್ಣಿಗಲ್ಲ. ಹುಲಿ ಮುಂದೆ ನಿಂತಾಗ ಮೆನು ಹುಡುಕುವವರನ್ನು ನಾನು ಎಷ್ಟು ಸಲ ನೋಡಿದ್ದೇನೋ.

ಕ್ಯಾಮೆರಾ ಸೆಟ್ಟಿಂಗ್ ಏನಿಡಬೇಕು?

ಗೇಟು ದಾಟುವ ಮೊದಲೇ ಇಟ್ಟಿರಬೇಕು, ಅದು ಮೊದಲ ಮಾತು.

ಮ್ಯಾನ್ಯುಯಲ್ ಮೋಡ್, ಅದರ ಜೊತೆ ಆಟೋ ಐಎಸ್‌ಒ ಇಡುವುದು ನನ್ನ ಅಭ್ಯಾಸ, ಅಂದರೆ ಉಳಿದದ್ದು ನಾನೇ ಹೊಂದಿಸುತ್ತೇನೆ, ಬೆಳಕಿಗೆ ಎಷ್ಟು ಸೂಕ್ಷ್ಮವಾಗಿರಬೇಕು ಅನ್ನುವುದನ್ನು ಕ್ಯಾಮೆರಾ ಆರಿಸುತ್ತದೆ. ಅಪರ್ಚರ್, ಅಂದರೆ ಬೆಳಕು ಬರುವ ಕಿಂಡಿ, ಲೆನ್ಸ್ ಎಷ್ಟು ತೆರೆಯುತ್ತದೋ ಅಷ್ಟು, ಸಾಮಾನ್ಯವಾಗಿ ಎಫ್ 5.6 ಅಥವಾ 6.3. ಹುಲಿ ನಡೆಯುತ್ತಿದ್ದರೆ ಶಟರ್ ವೇಗ 1/500 ಸೆಕೆಂಡು, ಓಡಿದರೆ 1/1000ಕ್ಕಿಂತ ಮೇಲೆ. ಬೆಳಿಗ್ಗೆ ಮೊದಲ ಅರ್ಧ ಗಂಟೆ ಇದೆಲ್ಲ ನಡೆಯುವುದಿಲ್ಲ. ಮರದಡಿ ಕತ್ತಲೆಯೇ ಇರುತ್ತದೆ. 1/250ಕ್ಕೆ ಇಳಿಸಿ, ಐಎಸ್‌ಒ 3200, 6400 ಎಷ್ಟಾದರೂ ಏರಲಿ ಬಿಡಿ. ಕಾಳು ಕಾಳಾಗಿ ಬಂದ ಫೋಟೋವನ್ನು ಆಮೇಲೆ ಸರಿಮಾಡಬಹುದು, ಅಲುಗಿ ಹೋದದ್ದನ್ನು ಯಾರೂ ಸರಿಮಾಡಲಾರರು. ಹುಲಿ ಸುಮ್ನೆ ಮಲಗಿದ್ದರೆ 1/125ರಲ್ಲೂ ತೆಗೆಯಬಹುದು. ಆದರೆ ಡ್ರೈವರ್ ಎಂಜಿನ್ ಆಫ್ ಮಾಡಿರಬೇಕು, ಪಕ್ಕದವರು ಉಸಿರು ಬಿಗಿಹಿಡಿದಿರಬೇಕು.

ಎಕ್ಸ್‌ಪೋಷರ್, ಅಂದರೆ ಚಿತ್ರಕ್ಕೆ ಬೀಳುವ ಬೆಳಕಿನ, ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ಕಾಡು ಕಪ್ಪಗಿರುತ್ತದೆ. ಕ್ಯಾಮೆರಾ ಆ ಕಪ್ಪನ್ನು ನೋಡಿ ಬೆಳಕು ಸಾಲದು ಅಂದುಕೊಂಡು ಜಾಸ್ತಿ ಕೊಡುತ್ತದೆ. ಹುಲಿಯ ಕೆನ್ನೆ, ಹುಬ್ಬಿನ ಮೇಲಿನ ಬಿಳಿ ಸುಣ್ಣ ಬಳಿದಂತೆ ಆಗುತ್ತದೆ. ಮೂರನೇ ಒಂದು ಅಥವಾ ಮೂರನೇ ಎರಡು ಸ್ಟಾಪ್ (ಬೆಳಕಿನ ಅಳತೆ) ಕಡಿಮೆ ಮಾಡಿ. ರಾ ಫೈಲ್‌ನಲ್ಲೇ (ಕ್ಯಾಮೆರಾ ತಿದ್ದದೆ ಕೊಡುವ ಕಚ್ಚಾ ಚಿತ್ರ) ತೆಗೆಯಿರಿ.

ಫೋಕಸ್‌ಗೆ ಪ್ರಾಣಿಗಳ ಕಣ್ಣು ಹಿಡಿಯುವ ಹೊಸ ಕ್ಯಾಮೆರಾ ಇದ್ದರೆ ಸಂತೋಷ. ಆದರೆ ಪೂರ್ತಿ ನಂಬಬೇಡಿ, ಮುಖದ ಮುಂದೆ ನಾಲ್ಕು ಹುಲ್ಲು ಕಡ್ಡಿ ಬಂದರೆ ಅದೂ ಗಲಿಬಿಲಿ ಆಗುತ್ತದೆ. ಒಂದೇ ಪಾಯಿಂಟಿಗೆ ಬದಲಿಸುವ ಬಟನ್ ಬೆರಳಿಗೆ ಸಿಗುವಂತೆ ಇಟ್ಟುಕೊಳ್ಳಿ.

ಟ್ರೈಪಾಡ್ ಬೇಕಾ?

ಜೀಪಿನಲ್ಲಿ ಅದನ್ನು ಬಿಡಿಸಲು ಜಾಗ ಇಲ್ಲ. ಬೀನ್‌ಬ್ಯಾಗ್ ಸಾಕು. ಖಾಲಿ ಚೀಲ ಒಯ್ದು ದಾರಿಯಲ್ಲಿ ಎರಡು ಕೆಜಿ ರಾಗಿ ತಗೊಂಡು ತುಂಬಿಸಿ. ಅಕ್ಕಿಗಿಂತ ರಾಗಿ ಒಳ್ಳೆಯದು, ಕಾಳು ಸಣ್ಣದು, ಲೆನ್ಸಿನ ಆಕಾರಕ್ಕೆ ಒಗ್ಗಿ ಕೂರುತ್ತದೆ. ವಾಪಸ್ ಬಂದ ಮೇಲೆ ಮುದ್ದೆಗೂ ಆಯಿತು. ಧೂಳು ಬೀಳದಂತೆ ಹೊದೆಸಲು ಒಂದು ಹಳೆ ಟವೆಲ್ ಇರಲಿ. ಜೀಪಿನಲ್ಲಿ ಲೆನ್ಸ್ ಬಿಚ್ಚಬೇಡಿ. ಮಳೆಗಾಲದಿಂದ ಬಂದ ಮೇಲೆ ಸಿಲಿಕಾ ಜೆಲ್ ಹಾಕಿ ಇಡದಿದ್ದರೆ ಲೆನ್ಸಿನೊಳಗೆ ಬೂಷ್ಟು ಗ್ಯಾರಂಟಿ.

ಮೊಬೈಲಿನಲ್ಲಿ ತೆಗೆದರೆ ಸಾಲದಾ?

2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ಹುಲಿ ಮೀಸಲು ಕಾಡುಗಳ ಕೋರ್ ಭಾಗದ ಪ್ರವಾಸಿ ವಲಯದಲ್ಲಿ ಮೊಬೈಲ್ ಬಳಕೆ ಬೇಡ ಎಂದಿದೆ. ಅಲ್ಲಿಗೆ ಈ ಪ್ರಶ್ನೆ ಮುಗಿಯಿತು. ಡ್ರೋನ್ ಅಂತೂ ಬಾಯಲ್ಲೂ ಎತ್ತಬೇಡಿ. ಫ್ಲ್ಯಾಶ್ ಕೂಡ ಬೇಡ.

ಹುಲಿ ಎಲ್ಲಿದೆ ಅಂತ ಡ್ರೈವರ್‌ಗೆ ಹೇಗೆ ಗೊತ್ತಾಗುತ್ತದೆ?

ಇದು ನನಗೆ ಬಲು ಇಷ್ಟದ ಪ್ರಶ್ನೆ. ಯಾಕೆಂದರೆ ಹುಲಿ ಫೋಟೋ ಆಗುವುದೇ ಇಲ್ಲಿ. ಕ್ಯಾಮೆರಾ ಕೆಲಸ ಕೊನೆಯ ಹತ್ತು ಸೆಕೆಂಡು ಮಾತ್ರ.

ಮೊದಲು ನೆಲ. ಬೆಳಿಗ್ಗೆ ಮೊದಲ ಜೀಪಿನಲ್ಲಿ ಹೋದರೆ ರಾತ್ರಿ ಯಾರ್ಯಾರು ಓಡಾಡಿದ್ದಾರೆ ಅಂತ ರಸ್ತೆಯ ಧೂಳಿನಲ್ಲಿ ಬರೆದಿರುತ್ತದೆ. ಹುಲಿಗೂ ನಮ್ಮ ಹಾಗೇ ಮುಳ್ಳು ಪೊದೆಗಿಂತ ದಾರಿಯಲ್ಲಿ ನಡೆಯುವುದು ಸುಲಭ. ಗಂಡಿನ ಹೆಜ್ಜೆ ಅಗಲ, ಚೌಕ. ಹೆಣ್ಣಿನದು ಸ್ವಲ್ಪ ಉದ್ದ, ಬೆರಳು ಚೂಪು. ಹೆಜ್ಜೆಯ ಮೇಲೆ ಜೀಪಿನ ಟಯರ್ ಗುರುತಿದ್ದರೆ ಅದು ಹಳೆಯದು, ಟಯರ್ ಗುರುತಿನ ಮೇಲೆ ಹೆಜ್ಜೆ ಇದ್ದರೆ ಎದೆ ಹೊಡೆದುಕೊಳ್ಳಲು ಶುರುವಾಗುತ್ತದೆ.

ಆಮೇಲೆ ಮೂಗು. ಹುಲಿ ಮರದ ಬುಡಕ್ಕೆ ಸಿಂಪಡಿಸಿ ಹೋಗುವ ಗುರುತಿಗೆ ಬಾಸುಮತಿ ಅಕ್ಕಿ ಬೆಂದ ವಾಸನೆ ಇರುತ್ತದೆ. ತಮಾಷೆ ಅಲ್ಲ, ಅಕ್ಕಿಯ ಘಮಕ್ಕೆ ಕಾರಣವಾದ ರಾಸಾಯನಿಕವೇ ಅದರಲ್ಲೂ ಇದೆ. ಒಂದು ಸಂಜೆ ನಮ್ಮ ಡ್ರೈವರ್ ಜೀಪು ನಿಲ್ಲಿಸಿ 'ಅನ್ನ ಬೆಂದಂಗಿದೆ ಸಾರ್' ಅಂದ. ಹಸಿವಾಗಿರಬೇಕು ಅಂದುಕೊಂಡೆ.

ಕೊನೆಗೆ ಕಿವಿ. ಕಾಡಿನಲ್ಲಿ ಹುಲಿಯ ಸುದ್ದಿ ಹೇಳುವವರು ಬೇರೆಯವರು. ಜಿಂಕೆ ಕೀರಲು ದನಿಯಲ್ಲಿ ಕೂಗುತ್ತದೆ, ಆದರೆ ಅದು ಅಂಜುಬುರುಕ, ಸೀಳುನಾಯಿಗೂ ಕೂಗುತ್ತದೆ, ಒಮ್ಮೊಮ್ಮೆ ಗಾಳಿಗೂ ಬೆಚ್ಚುತ್ತದೆ. ಮುಸುವ, ಅಂದರೆ ಕರಿಮುಖದ ಕೋತಿ, ಮರದ ಮೇಲಿಂದ ಕೆಮ್ಮಿದಂತೆ ಖೊಕ್ ಖೊಕ್ ಅಂದರೆ ಅದಕ್ಕೆ ಪ್ರಾಣಿ ಕಂಡಿದೆ ಎಂದರ್ಥ. ಅದು ನೋಡುತ್ತಿರುವ ದಿಕ್ಕಿಗೆ ನೀವೂ ನೋಡಿ. ಚಿರತೆಗೂ ಅದು ಹೀಗೇ ಕೂಗುತ್ತದೆ ಅನ್ನುವುದು ನೆನಪಿರಲಿ. ಕಾಡುಕುರಿ ನಾಯಿಯಂತೆ ಬೊಗಳುತ್ತದೆ. ಇವೆಲ್ಲದರ ಮೇಲೆ ಕಡವೆ. ಕಡವೆ ಸುಮ್ಮಸುಮ್ಮನೆ ಬಾಯಿ ಬಿಡುವುದಿಲ್ಲ. ಕಾಲು ನೆಲಕ್ಕೆ ಅಪ್ಪಳಿಸಿ, ಬಾಲ ಎತ್ತಿ, 'ಢಾಂಕ್' ಅಂತ ಒಂದು ಕೂಗು ಹಾಕಿದರೆ ಡ್ರೈವರ್ ತಿನ್ನುತ್ತಿದ್ದ ಬಿಸ್ಕತ್ತು ಬಿಸಾಡಿ ಸ್ಟಿಯರಿಂಗ್ ಹಿಡಿಯುತ್ತಾನೆ.

ಕೂಗು ಬಂದ ಕಡೆ ಓಡಬಾರದು. ಹುಲಿ ಎಲ್ಲಿದೆ ಅನ್ನುವುದಕ್ಕಿಂತ ಎಲ್ಲಿಗೆ ಬರುತ್ತದೆ ಅನ್ನುವುದು ಮುಖ್ಯ. ಅದು ನಡೆಯುತ್ತಿರುವ ದಿಕ್ಕಿನಲ್ಲಿ ಕೆರೆ ಇದೆಯಾ, ರಸ್ತೆ ಎಲ್ಲಿ ಅಡ್ಡ ಬರುತ್ತದೆ, ಬೆಳಕು ಯಾವ ಕಡೆಯಿಂದ ಬೀಳುತ್ತದೆ, ಇಷ್ಟು ಲೆಕ್ಕ ಹಾಕಿ ಅಲ್ಲಿ ಎಂಜಿನ್ ಆಫ್ ಮಾಡಿ ಕೂರಬೇಕು. ಈ ಲೆಕ್ಕ ಪುಸ್ತಕದಲ್ಲಿ ಬರುವುದಲ್ಲ. ಸಫಾರಿಯಲ್ಲಿ ಕೆಲಸ ಮಾಡುವ ಎಷ್ಟೋ ಜನ ಈ ಕಾಡಂಚಿನ ಹಾಡಿ, ಹಳ್ಳಿಗಳಲ್ಲೇ ಹುಟ್ಟಿದವರು. ಅವರು 'ಇನ್ನೈದು ನಿಮಿಷ ಇರೋಣ' ಅಂದರೆ ಇರಿ. ಬೇರೆ ಕಡೆ ಹೋಗೋಣ ಅಂತ ಒತ್ತಾಯ ಮಾಡಿ ನಾನು ಕಳೆದುಕೊಂಡ ಹುಲಿಗಳು ಕನಿಷ್ಠ ಎರಡು. ಹಿಂದಿನ ಜೀಪಿನವರು ಸಂಜೆ ಊಟದ ಹೊತ್ತಿಗೆ ಅದರ ಫೋಟೋ ತೋರಿಸಿದರು.

ಹುಲಿ ಕಂಡ ತಕ್ಷಣ ಏನು ಮಾಡಬೇಕು?

ಎದ್ದು ನಿಲ್ಲಬೇಡಿ. ಎಲ್ಲಿ ಎಲ್ಲಿ ಅಂತ ಕೂಗಬೇಡಿ. ಜೀಪಿನಲ್ಲಿ ಎಂಟು ಜನ ಒಂದೇ ಕಡೆ ವಾಲಿದರೆ ಯಾರ ಫೋಟೋನೂ ನೆಟ್ಟಗೆ ಬರುವುದಿಲ್ಲ.

ಮೊದಲ ಹತ್ತು ಫ್ರೇಮು ಪಟಪಟ ತೆಗೆದುಬಿಡಿ, ಅದು ಮನಸ್ಸಿನ ಸಮಾಧಾನಕ್ಕೆ. ಆಮೇಲೆ ಬೆರಳು ಎತ್ತಿ. ನೋಡಿ. ಹುಲಿ ಹತ್ತಿರದ ಮರದ ಕಡೆ ಹೋಗುತ್ತಿದೆಯಾ? ಹಾಗಿದ್ದರೆ ಅದು ನಿಂತು ಮೂಸುತ್ತದೆ, ಮೂಸಿದ ಮೇಲೆ ಮುಖ ಕಿವುಚಿ ಹಲ್ಲು ಬಿಡುತ್ತದೆ. ಜನ ಅದನ್ನು ಘರ್ಜನೆ ಅಂದುಕೊಳ್ಳುತ್ತಾರೆ. ಅದು ಇನ್ನೊಂದು ಹುಲಿಯ ಸುದ್ದಿಯನ್ನು ಬಾಯಿಂದ ಓದುತ್ತಿರುತ್ತದೆ, ಅಷ್ಟೆ. ಹುಲಿ ರಸ್ತೆ ದಾಟುವಾಗ ಮುಂದಿನ ಕಾಲು ಎತ್ತಿದ ಗಳಿಗೆ ಚಂದ. ನಾಲ್ಕೂ ಕಾಲು ಒಟ್ಟಾಗಿದ್ದರೆ ಸ್ಟೂಲಿನ ಥರ ಕಾಣುತ್ತದೆ. ಪೊದೆ ಸೇರುವ ಮುನ್ನ ಅದು ಒಮ್ಮೆ ತಿರುಗಿ ನೋಡುವ ಅಭ್ಯಾಸ ಇದೆ. ಎಷ್ಟೋ ಜನ ಅಷ್ಟರಲ್ಲಿ ಕ್ಯಾಮೆರಾ ಇಳಿಸಿ ಹಿಂದಿನ ಪರದೆ ನೋಡುತ್ತಿರುತ್ತಾರೆ.

ಪ್ರತಿ ಸಲವೂ ಮುಖವನ್ನೇ ತುಂಬಿಸಬೇಡಿ. ಜೂಮ್ ಹಿಂದಕ್ಕೆ ತಂದು ಕಾಡನ್ನೂ ಸೇರಿಸಿ ಒಂದಾದರೂ ತೆಗೆಯಿರಿ. ಮುಖ ತುಂಬಿದ ಹುಲಿಯನ್ನು ಮೃಗಾಲಯದಲ್ಲೂ ತೆಗೆಯಬಹುದು. ಮತ್ತಿ ಮರದ ಮೊಸಳೆ ಚರ್ಮದಂಥ ತೊಗಟೆ, ತೇಗದ ಒಣ ಎಲೆ, ಅದರ ನಡುವೆ ಸಣ್ಣದಾಗಿ ಹುಲಿ, ಆಗ ಅದು ನಾಗರಹೊಳೆಯ ಚಿತ್ರ ಆಗುತ್ತದೆ.

ಮತ್ತೆ, 'ಹುಲಿ ಹಸಿದರೂ ಹುಲ್ಲು ತಿನ್ನಲ್ಲ' ಅಂತ ಗಾದೆ ಇದೆಯಲ್ಲ, ನಂಬಬೇಡಿ. ಹೊಟ್ಟೆ ಸರಿಯಿಲ್ಲದಾಗ ಹುಲ್ಲು ಅಗಿಯುತ್ತದೆ. ನನ್ನ ಹತ್ತಿರ ಫೋಟೋ ಇದೆ.

ತೆರೆದ ಜೀಪಿಗೆ ಹುಲಿ ಹಾರಲ್ವಾ?

ಅದರ ಕಣ್ಣಿಗೆ ಜೀಪು, ಜನ ಎಲ್ಲ ಸೇರಿ ಒಂದೇ ದೊಡ್ಡ ವಸ್ತು. ಕೈ ಹೊರಗೆ ಚಾಚಿದರೆ, ಎದ್ದು ನಿಂತರೆ ಆ ಆಕಾರ ಒಡೆಯುತ್ತದೆ. ಮರಿಗಳ ತಾಯಿ, ಕೂಡುತ್ತಿರುವ ಜೋಡಿ, ಬೇಟೆಯ ಮೇಲೆ ಕೂತ ಹುಲಿ, ಈ ಮೂರಕ್ಕೆ ಜಾಸ್ತಿ ಜಾಗ ಬಿಡಬೇಕು. ಕಿವಿ ಹಿಂದಕ್ಕೆ ಮಡಚಿ ಬಾಲ ಚಟ್ಟನೆ ಹೊಡೆಯುತ್ತಿದ್ದರೆ ಅದಕ್ಕೆ ಸಾಕಾಗಿದೆ ಎಂದರ್ಥ, ಹಿಂದೆ ಸರಿಯಿರಿ. ನಿಜ ಹೇಳಬೇಕೆಂದರೆ ಕಬಿನಿ ರಸ್ತೆಯಲ್ಲಿ ನಾನು ಹೆಚ್ಚು ಹೆದರಿದ್ದು ಆನೆಗೆ.

ಡ್ರೈವರ್‌ಗೆ ಇನ್ನೂರು ಜಾಸ್ತಿ ಕೊಟ್ಟರೆ ಹತ್ತಿರ ಹೋಗುತ್ತಾನಾ?

ಕೆಲವರು ಹೋಗಬಹುದು. ಕೇಳುವ ನೀವೇ ತಪ್ಪಿತಸ್ಥರು. ಪ್ರಾಣಿಯಿಂದ ಕನಿಷ್ಠ 20 ಮೀಟರ್ ದೂರ ಇರಬೇಕು, ಅದನ್ನು ಸುತ್ತುವರಿಯಬಾರದು ಅಂತ ನಿಯಮ ಇದೆ. ಮುರಿದರೆ ಅಮಾನತಾಗುವುದು ಅವನು, ನೀವಲ್ಲ. ಹುಲಿಗೆ ದಾರಿ ಬಿಡದೆ ಮುಂದೊಂದು ಹಿಂದೊಂದು ಜೀಪು ನಿಂತದ್ದನ್ನು ನೋಡಿದ್ದೇನೆ. ಅಂಥ ಫೋಟೋದಲ್ಲಿ ಹುಲಿಯ ಕಣ್ಣೇ ಬೇರೆ ಥರ ಇರುತ್ತದೆ, ಗೊತ್ತಿದ್ದವರಿಗೆ ಕಾಣುತ್ತದೆ. ಇನಾಮು ಕೊಡಬೇಕಾ, ಹುಲಿ ಕಾಣದ ದಿನ ಕೊಡಿ. ಆವತ್ತೂ ಅವರು ಅಷ್ಟೇ ಕಷ್ಟಪಟ್ಟಿರುತ್ತಾರೆ.

ಊಟಿಗೆ ಹೋಗುವಾಗ ಹೆದ್ದಾರಿಯಲ್ಲೇ ಹುಲಿ ಕಂಡರೆ?

ನೋಡಿ ಖುಷಿಪಡಿ, ಗಾಡಿ ನಿಲ್ಲಿಸಬೇಡಿ, ಇಳಿಯಲೇಬೇಡಿ. ಬಂಡೀಪುರದ ರಸ್ತೆಯಲ್ಲಿ ನಿಲ್ಲಿಸಿದರೆ ದಂಡ ಬೀಳುತ್ತದೆ. 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಆ ರಸ್ತೆ ಮುಚ್ಚಿರುವುದೇ ಪ್ರಾಣಿಗಳು ಗಾಡಿಗೆ ಸಿಕ್ಕಿ ಸಾಯುತ್ತಿದ್ದವು ಅಂತ.

ನಮ್ಮ ಮಾವನ ತೋಟಕ್ಕೆ ಹುಲಿ ಬಂದಿದೆಯಂತೆ. ಫೋಟೋ ತೆಗೆಯಲು ಹೋಗಲಾ?

ಬೇಡ. ಕಾಡಿನ ಹುಲಿಗೆ ಓಡಲು ಜಾಗ ಇದೆ, ಕಾಫಿ ತೋಟದಲ್ಲಿ ಸಿಕ್ಕಿಕೊಂಡ ಹುಲಿಗೆ ಇಲ್ಲ. ಅಲ್ಲಿ ಸೇರುವ ಹುಲಿಗಳಲ್ಲಿ ಎಷ್ಟೋ ಮುದಿಯವು, ಗಾಯಗೊಂಡವು, ಇಲ್ಲವೇ ತಾಯಿಯಿಂದ ಬೇರೆಯಾಗಿ ಜಾಗ ಹುಡುಕುತ್ತಿರುವ ಎರಡು ವರ್ಷದ ಪಡ್ಡೆಗಳು. ಸುತ್ತ ಜನ, ಗಲಾಟೆ, ಪಟಾಕಿ. ಅರಣ್ಯ ಇಲಾಖೆಗೆ ತಿಳಿಸಿ, ದನ ಕಳೆದುಕೊಂಡವರಿದ್ದರೆ ಪರಿಹಾರದ ಅರ್ಜಿ ಬರೆಯಲು ಸಹಾಯ ಮಾಡಿ. ಕ್ಯಾಮೆರಾ ಕಾರಿನಲ್ಲೇ ಇರಲಿ.

ಕ್ಯಾಮೆರಾ ಟ್ರ್ಯಾಪ್ ನಾನೇ ಇಡಬಹುದಾ?

ಪ್ರಾಣಿ ಎದುರು ಬಂದಾಗ ತಾನೇ ಫೋಟೋ ತೆಗೆಯುವ ಈ ಕ್ಯಾಮೆರಾವನ್ನು ಕಾಡಿನಲ್ಲಿ ಅನುಮತಿ ಇಲ್ಲದೆ ಇಡುವಂತಿಲ್ಲ. ಆದರೆ ಅದರ ಕಥೆ ಚೆನ್ನಾಗಿದೆ. 1920ರ ದಶಕದಲ್ಲಿ ಉತ್ತರ ಭಾರತದ ಕಾಡಿನಲ್ಲಿ ಎಫ್.ಡಬ್ಲ್ಯು. ಚಾಂಪಿಯನ್ ಎಂಬ ಅರಣ್ಯಾಧಿಕಾರಿ ದಾರಿಗೆ ತಂತಿ ಕಟ್ಟಿ, ಹುಲಿ ಎಡವಿದಾಗ ಫ್ಲ್ಯಾಶ್ ಹೊತ್ತಿಕೊಂಡು ತನ್ನ ಫೋಟೋ ತಾನೇ ತೆಗೆದುಕೊಳ್ಳುವಂತೆ ಮಾಡಿದ್ದರು. ಉಳಿದ ಸಾಹೇಬರೆಲ್ಲ ಕೋವಿ ಹಿಡಿದಿದ್ದ ಕಾಲ ಅದು. 1990ರ ದಶಕದ ಆರಂಭದಲ್ಲಿ ನಮ್ಮ ನಾಗರಹೊಳೆಯಲ್ಲೇ ಹುಲಿ ವಿಜ್ಞಾನಿ ಉಲ್ಲಾಸ ಕಾರಂತರು (ಹೌದು, ಶಿವರಾಮ ಕಾರಂತರ ಮಗ) ಈ ಉಪಾಯವನ್ನು ಎಣಿಕೆಗೆ ಬಳಸಿದರು. ಅಲ್ಲಿಯವರೆಗೆ ಹೆಜ್ಜೆ ಗುರುತಿನಿಂದ ಹುಲಿ ಎಣಿಸುತ್ತಿದ್ದರು. ಈಗ ದಾರಿಯ ಎರಡೂ ಬದಿಗೆ ಒಂದೊಂದು ಕ್ಯಾಮೆರಾ ಇಡುತ್ತಾರೆ, ಯಾಕೆಂದರೆ ಹುಲಿಯ ಎಡ ಮಗ್ಗುಲ ಪಟ್ಟೆಯೇ ಬೇರೆ, ಬಲ ಮಗ್ಗುಲ ಪಟ್ಟೆಯೇ ಬೇರೆ.

ಇದು ಯಾವ ಹುಲಿ ಅಂತ ಗುರುತಿಸುವುದು ಹೇಗೆ?

ಪಟ್ಟೆ ನೋಡಿ. ನಮ್ಮ ಹೆಬ್ಬೆಟ್ಟಿನಂತೆ ಒಂದರದ್ದು ಇನ್ನೊಂದಕ್ಕೆ ಇಲ್ಲ. ಹುಬ್ಬಿನ ಮೇಲಿನ ಗುರುತು, ಹೊಟ್ಟೆಯ ಬದಿಯ ಪಟ್ಟೆ ಹೋಲಿಸಲು ಸುಲಭ. ಬಂಡೀಪುರದ ಪ್ರಿನ್ಸ್‌ನ ಫೋಟೋ ನೋಡದವರು ಕಡಿಮೆ. ಜೀಪಿಗೆ ಕ್ಯಾರೇ ಅನ್ನದೆ ರಸ್ತೆಯಲ್ಲೇ ನಡೆಯುತ್ತಿದ್ದ ಗಂಡು ಹುಲಿ ಅದು, 2017ರಲ್ಲಿ ಸತ್ತಿತು. ಈಗಲೂ ಹಳೆ ಡ್ರೈವರ್‌ಗಳು ಮನೆಯವರ ಬಗ್ಗೆ ಮಾತಾಡಿದಂತೆ ಅದರ ಬಗ್ಗೆ ಮಾತಾಡುತ್ತಾರೆ. ಹುಲಿಗೆ ಹೆಸರಿಡುವುದು ಸರಿಯಾ ತಪ್ಪಾ ಅಂತ ಜಗಳ ಇದೆ. ನನಗೇನೋ ಹೆಸರಿದ್ದರೆ ಜನ ಅದರ ಸಾವನ್ನು ಗಮನಿಸುತ್ತಾರೆ ಅನಿಸುತ್ತದೆ.

ನನ್ನ ಫೋಟೋ ಮಂಕಾಗಿದೆ. ಎಡಿಟ್ ಎಷ್ಟು ಮಾಡಬಹುದು?

ಬೆಳಕು, ಕಾಂಟ್ರಾಸ್ಟ್, ಕತ್ತರಿಸುವುದು ಮಾಡಿಕೊಳ್ಳಿ. ಅಡ್ಡ ಬಂದ ಕಡ್ಡಿ ಅಳಿಸುವುದು, ಹಿಂದೆ ಸೂರ್ಯಾಸ್ತ ಅಂಟಿಸುವುದು ಬೇಡ. ಎಲ್ಲರೂ ಮಾಡುವ ತಪ್ಪು ಕಿತ್ತಳೆ ಬಣ್ಣ ಏರಿಸುವುದು, ಹುಲಿ ಜಿಲೇಬಿ ಥರ ಆಗುತ್ತದೆ. ಬೆಳಕು ತೀರಾ ಕೆಟ್ಟಿದ್ದರೆ ಕಪ್ಪು ಬಿಳುಪು ಮಾಡಿ ನೋಡಿ. ಸಂಡೂರಿನ ಎಂ.ವೈ. ಘೋರ್ಪಡೆಯವರು, ರಾಜ್ಯದ ಹಣಕಾಸು ಮಂತ್ರಿ ಆಗಿದ್ದವರು, ಕಪ್ಪು ಬಿಳುಪಿನಲ್ಲೇ ಕಾಡಿನ ಬೆಳಕನ್ನು ಹಿಡಿದ ರೀತಿ ನೋಡಿದರೆ ಬಣ್ಣದ ಆಸೆ ಸ್ವಲ್ಪ ಇಳಿಯುತ್ತದೆ.

ಇನ್‌ಸ್ಟಾಗ್ರಾಮ್‌ಗೆ ಹಾಕುವಾಗ ಏನು ನೋಡಿಕೊಳ್ಳಬೇಕು?

ಆವತ್ತೇ ಹಾಕಬೇಡಿ. ಕ್ಯಾಮೆರಾದಲ್ಲಿ ಜಿಪಿಎಸ್ ಇದ್ದರೆ ಆ ಮಾಹಿತಿ ಅಳಿಸಿ. 'ನಾಗರಹೊಳೆ' ಅಂದರೆ ಸಾಕು, ಯಾವ ಕೆರೆ, ಯಾವ ರಸ್ತೆ ಅನ್ನುವುದು ಬೇಡ. ಮರಿಗಳಿದ್ದರೆ ತಿಂಗಳುಗಟ್ಟಲೆ ತಡೆಯಿರಿ.

ಮೂರು ಸಫಾರಿ ಆಯ್ತು, ಹುಲಿ ಇಲ್ಲ. ದುಡ್ಡು ದಂಡ ಅಲ್ವಾ?

ಕ್ಯಾಮೆರಾ ಚೀಲದಲ್ಲಿ ಇಟ್ಟು ಕೂತಿದ್ದರೆ ದಂಡವೇ. ಸೀಳುನಾಯಿಗಳು ಆಟವಾಡುವುದು ಹುಲಿಗಿಂತ ಅಪರೂಪದ ಚಿತ್ರ. ಬೇಸಿಗೆಯ ಸಂಜೆ ಆನೆಗಳ ಧೂಳಿನ ಹಿಂದೆ ಸೂರ್ಯ ಇದ್ದರೆ ಬೇರೆ ಏನೂ ಬೇಡ. ಮುತ್ತುಗ ಹೂ ಬಿಟ್ಟಾಗ ಗಿಳಿಗಳು ಜಗಳ ಆಡುವುದನ್ನು ನೋಡಿದ್ದೀರಾ?

ನಿಮ್ಮ ಅತ್ಯುತ್ತಮ ಹುಲಿ ಫೋಟೋ ಯಾವುದು?

ಜನವರಿಯ ಒಂದು ಬೆಳಿಗ್ಗೆಯದು. ಹಾಡ್ಲಿನ ಮೇಲೆ ಮಂಜು, ಆಚೆ ತುದಿಯಲ್ಲಿ ಒಂದು ಕಡವೆ ಬಾಲ ಎತ್ತಿ ನಿಂತಿದೆ. ಈಚೆ, ಎದೆ ಮಟ್ಟದ ಹುಲ್ಲಿನೊಳಗೆ ಎರಡು ಕಿವಿ. ಕಿವಿಯ ಹಿಂದಿನ ಎರಡು ಬಿಳಿ ಚುಕ್ಕೆ ಮಾತ್ರ ಸ್ಪಷ್ಟ. ಮನೆಯಲ್ಲಿ ಹೆಂಡತಿಗೆ ತೋರಿಸಿದೆ. 'ಕಡವೆ ಚೆನ್ನಾಗಿದೆ ಕಣ್ರೀ, ಹುಲಿ ಎಲ್ಲಿ?' ಅಂದಳು. ಇನ್ನೂ ಫ್ರೇಮ್ ಹಾಕಿಸಿಲ್ಲ.